ಬತ್ತೀನಿ

ನಮ್ಮ ಮನೆಯಿಂದ ಹೊರಡುವವರು ‘ಹೋಯ್ತೀನಿ’ ಅನ್ನುವಂತಿರಲಿಲ್ಲ. ಹಾಗಂದರೆ ಅಜ್ಜಿ ತಲೆಗೆ ಮೊಟಕುತ್ತಿದ್ದಳು. “ಹೋದೋರು ಅಂದ್ರೆ ಸತ್ತೋರು ಕಣೇ. ಬತ್ತೀನಿ ಅನ್ನು.”

ನಾನು ಚಿಕ್ಕವಳಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ಚನ್ನಪಟ್ಟಣದ ದಾರಿಯಲ್ಲಿ, ನಮ್ಮೂರಿಗೆ ಎರಡು ಮೈಲಿ ದೂರದಲ್ಲಿ, ಯಾವುದೋ ಫ್ಯಾಕ್ಟರಿಗೆ ಪಾಯ ತೋಡುತ್ತಿದ್ದರು. ಜೆಸಿಬಿ ನೋಡುವುದೇ ನನಗೂ ತಂಗಿಗೂ ಉದ್ಯೋಗ. ಒಂದು ಮಧ್ಯಾಹ್ನ ಅವ್ವ ಒಳಗೆ ಮುದ್ದೆ ಕಟ್ಟುತ್ತಿದ್ದಾಗ ನಾನು ಅಂಗಳದಿಂದಲೇ “ಅವ್ವಾ, ಬತ್ತೀವಿ!” ಎಂದು ಕೂಗಿ, ತಂಗಿಯನ್ನು ಎಳೆದುಕೊಂಡು ಓಡಿದೆ. ಮಕ್ಕಳು ಊಟಕ್ಕೆ ಬರುತ್ತಿವೆ ಎಂದುಕೊಂಡ ಅವ್ವ ಎರಡು ತಟ್ಟೆಗೆ ಮುದ್ದೆ ಇಟ್ಟು ಸಾರು ಬಿಟ್ಟಳು.

ನಾವು ಬಂದದ್ದು ದನಗಳು ಕೊಟ್ಟಿಗೆಗೆ ಬರುವ ಹೊತ್ತಿಗೆ, ಮೈಯೆಲ್ಲ ಕೆಮ್ಮಣ್ಣು. ಎಲ್ಲಿಗೆ ಹೋಗಿದ್ದಿರಿ ಎಂದು ಅವ್ವ ಕೇಳಲೇ ಇಲ್ಲ. ಅವೇ ತಟ್ಟೆಗಳನ್ನು ಮುಂದೆ ತಳ್ಳಿದಳು. ಮುದ್ದೆ ರಾಮನಗರದ ಬಂಡೆಯಾಗಿತ್ತು.

“ಬತ್ತೀವಿ ಅಂದ್ರಿ, ಬಂದ್ರಿ. ಉಣ್ಣಿ.”

ಮುದ್ದೆಯನ್ನು ನುಂಗಬೇಕು, ಅಗಿಯಬಾರದು ಎಂಬ ನಮ್ಮ ಸೀಮೆಯ ಕಾನೂನು ಅಂದು ಮುರಿದುಬಿತ್ತು. “ಅಜ್ಜೀನೇ ಹಂಗನ್ನು ಅಂದಿದ್ದು” ಎಂದು ಸಾಕ್ಷಿಗೆ ಕರೆದರೆ, ಅಜ್ಜಿ ಗೋಡೆ ಕಡೆ ತಿರುಗಿ ಗೊರಕೆ ಶುರುಮಾಡಿದಳು.

ಈಗ ಅವ್ವನಿಗೆ ನಾನೇ ಮೊಬೈಲ್ ಕೊಡಿಸಿದ್ದೇನೆ. ಮೊನ್ನೆ ಊರಿಗೆ ಹೋದರೆ ಮನೆಗೆ ಬೀಗ. ಹಸಿದು ಜಗಲಿ ಮೇಲೆ ಕೂತು ಫೋನ್ ಮಾಡಿದೆ. “ಎಲ್ಲಿದ್ದೀಯವ್ವಾ?”

“ಬತ್ತೀನಿ ಕಣೇ” ಎಂದು ಕಟ್ ಮಾಡಿದಳು. ಅಷ್ಟರಲ್ಲೇ ಅವಳ ಹಿಂದೆ ಜೆಸಿಬಿ ಗುಡುಗಿದ್ದು ನನಗೆ ಕೇಳಿಸಿತ್ತು.