ತುಂಬಿದ ಕೊಡ, ಟ್ರ್ಯಾಕ್ಟರಿನ ಕ್ಲಿಪ್ಪು

ಮನೆಗೆ ಬೀಗ ಹಾಕಿದ ಮೇಲೆ ಅದನ್ನು ಒಮ್ಮೆ ಜಗ್ಗಿ ನೋಡುವುದು ಲೋಕರೂಢಿ. ಜಗ್ಗಿ, ಅರ್ಧ ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗುವುದು ಮಾತ್ರ ನನ್ನ ಸ್ವಂತ ಸಂಶೋಧನೆ. ಹೈದರಾಬಾದಿನ ಕುಷಾಯಿಗೂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ದೃಶ್ಯಕ್ಕೆ ಖಾಯಂ ಪ್ರೇಕ್ಷಕರಿದ್ದಾರೆ. ಪ್ರತ್ಯೇಕ ರಾಜ್ಯ ಆಗಬೇಕೋ ಬೇಡವೋ ಎಂದು ವರಾಂಡದಲ್ಲಿ ವಾದಕ್ಕಿಳಿದ ಎದುರುಮನೆಯವರು ಕೂಡ ವಾದವನ್ನು ಅಲ್ಲಿಗೇ ನಿಲ್ಲಿಸಿ ನನ್ನ ಬೀಗೋತ್ಸವವನ್ನು ಕಣ್ತುಂಬ ನೋಡುತ್ತಾರೆ. "ಒಂದಿನ ಕೀಲಿ ಕಿತ್ತು ನಿಮ್ಮ ಕೈಗೇ ಬರತೈತಿ ನೋಡ್ರಿ" ಎಂಬುದು ನನ್ನ ಹೆಂಡತಿ ವಿಜಯಾಳ ಭವಿಷ್ಯವಾಣಿ. ಏನು ಮಾಡಲಿ? ಹತ್ತಿರದ ಸರಕಾರಿ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಆಯುಷ್ಯ ಸವೆಸಿದವನು ನಾನು. ಪರರ ಕೆಲಸದಲ್ಲಿ ದೋಷ ಹುಡುಕುವುದಕ್ಕೇ ಸಂಬಳ ಉಂಡವನ ಕೈಗೆ ನಿವೃತ್ತಿಯ ನಂತರ ಬೀಗವೊಂದೇ ಉಳಿದರೆ, ಅದನ್ನಾದರೂ ಜಗ್ಗಬೇಡವೇ?

ಆದರೆ ನನಗೆ ತಪಾಸಣೆಯ ದೀಕ್ಷೆ ದೊರೆತದ್ದು ಕಾರ್ಖಾನೆಯಲ್ಲಲ್ಲ, ಒಂದು ಟ್ರ್ಯಾಕ್ಟರಿನ ಸನ್ನಿಧಿಯಲ್ಲಿ. ನನ್ನ ಸೋದರಮಾವ ಸಿದ್ದಣ್ಣ ಮಾಮಾ ರಾಯಚೂರು ಕಡೆಯವರು. ಹೈದರಾಬಾದಿನ ಸರಕಾರಿ ಕಚೇರಿಯಲ್ಲಿ ವರ್ಷಾನುಗಟ್ಟಲೆ ಕಾಗದಗಳನ್ನೇ ಉತ್ತು ಬಿತ್ತಿದವರು. ನಿವೃತ್ತರಾದ ಮೇಲೆ ನಿಜವಾದ ಮಣ್ಣನ್ನೇ ಉಳಬೇಕೆಂಬ ಹಂಬಲ ಹುಟ್ಟಿ, ನಗರದಂಚಿನ ಪಟಾನ್‌ಚೆರುವಿನಾಚೆ, ಕಾರ್ಖಾನೆಗಳ ಹೊಗೆ ಕಾಣುವ ಆದರೆ ವಾಸನೆ ಬಾರದ ದೂರದಲ್ಲಿ ಒಂದಿಷ್ಟು ಹೊಲ ಕೊಂಡು, ಮನೆ ಕಟ್ಟಿಸಿ, ಅಂಗಳದಲ್ಲಿ ಒಂದು ಹಳೆಯ ಟ್ರ್ಯಾಕ್ಟರನ್ನು ತಂದು ನಿಲ್ಲಿಸಿದರು. ಬೆಳಿಗ್ಗೆ ಸ್ನಾನ, ವಿಭೂತಿ, ಪೂಜೆ. ಅದರ ಬೆನ್ನಿಗೇ ಟ್ರ್ಯಾಕ್ಟರಿನ ಸೇವೆ. ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ, ಬಿಸಿಲಿಗೆ ಹಿಡಿದು ಪಂಚಾಂಗ ನೋಡುವವರಂತೆ ಕಣ್ಣು ಕಿರಿದು ಮಾಡಿ ನೋಡುವರು. ರೇಡಿಯೇಟರಿನ ನೀರು, ಫ್ಯಾನ್ ಬೆಲ್ಟಿನ ಬಿಗಿ, ಟೈರಿನ ಗಾಳಿ, ಗಾಲಿಯ ನಟ್ಟು ಎಲ್ಲಕ್ಕೂ ಪ್ರತ್ಯೇಕ ಉಪಚಾರ. ಅವರಿಗೆ ಅತ್ಯಂತ ಪ್ರಿಯವಾದದ್ದು ಬ್ರೇಕಿನ ಎರಡು ಪೆಡಲುಗಳ ಪಾಠ. ಹೊಲದಲ್ಲಿ ಗಕ್ಕನೆ ತಿರುಗಲು ಅವನ್ನು ಬೇರೆಬೇರೆಯಾಗಿ ಒತ್ತಬಹುದು. ರಸ್ತೆಗೆ ಇಳಿಯುವ ಮುನ್ನ ಎರಡನ್ನೂ ಕೊಂಡಿಯಿಂದ ಜೋಡಿಸಲೇಬೇಕು, ಇಲ್ಲವಾದರೆ ಒಂದೇ ಗಾಲಿ ನಿಂತು ಗಾಡಿ ಮಗ್ಗುಲಿಗೆ ತಿರುಗಿಬಿಡುತ್ತದೆ. "ಒಂದ ಗಾಲಿ ನಿಂತು ಒಂದ ಓಡಿದ್ರ ಏನಾಗತೈತಿ ಹೇಳು?" ಎಂದು ಬಂದ ಬೀಗರು ನೆಂಟರನ್ನೆಲ್ಲ ನಿಲ್ಲಿಸಿ ಕೇಳುವರು. "ಚಾ ಆರತೈತ್ರಿ" ಎಂದು ಒಳಗಿನಿಂದ ಗೌರತ್ತಿಯ ಉತ್ತರ ಬರುತ್ತಿತ್ತು. ಗೌರತ್ತಿ ಎಂದರೆ ಮಾಮಾನ ಧರ್ಮಪತ್ನಿ, ಮಿತಭಾಷಿ. ಮಾಮಾ ಅತಿಭಾಷಿಯಾದ್ದರಿಂದ ಅನ್ಯಮಾರ್ಗವಿರಲಿಲ್ಲವೋ ಏನೋ.

ಇಂತಹ ಯಂತ್ರವಿಶಾರದರಿಗೆ ಶಕುನದ ಹುಚ್ಚು ಮಾತ್ರ ವಿಪರೀತ. ಹೊರಟವರನ್ನು ಹಿಂದಿನಿಂದ ಯಾರಾದರೂ ಕರೆದರೋ, ಮುಗಿಯಿತು. ಕಚೇರಿಯ ದಿನಗಳಲ್ಲಿ ಒಮ್ಮೆ ಮರೆತ ಬುತ್ತಿಡಬ್ಬಿಯನ್ನು ಹಿಡಿದು ಗೌರತ್ತಿ ಬಾಗಿಲಿನಿಂದ "ಏನ್ರೀ" ಎಂದು ಕೂಗಿದಾಗ, ಶಕುನ ಕೆಟ್ಟಿತೆಂದು ಸಿಟ್ಟಿಗೆದ್ದ ಮಾಮಾ ತಿರುಗಿಯೂ ನೋಡದೆ ಎರಡು ಪಟ್ಟು ಬಿರುಸಾಗಿ ನಡೆದು, ಸಂಜೆಯವರೆಗೂ ಉಪವಾಸವಿದ್ದು ಬಂದರು. ಅದರಂತೆ ಮುತ್ತೈದೆಯೊಬ್ಬಳು ತುಂಬಿದ ಕೊಡ ಹೊತ್ತು ಎದುರಿಗೆ ಬಂದರೆ ಎಂಥ ಅವಸರದಲ್ಲೂ ನಿಂತು ಕೈಮುಗಿಯುವರು. ಆಕೆ ನಾಚಿ ದಾರಿ ಬಿಟ್ಟು ಸರಿದರೂ ಇವರು ಮುಗಿದ ಕೈ ಇಳಿಸುತ್ತಿರಲಿಲ್ಲ.

ಒಂದು ವರ್ಷ ದಸರೆಗೆ ನಾವು ಮೂವರೂ ಅಲ್ಲಿಗೆ ಹೋಗಿದ್ದೆವು. ಮಗಳು ಆಗ ಇನ್ನೂ ಮಡಿಲ ಕೂಸು. ಖಂಡೇನವಮಿಯ ಆಯುಧಪೂಜೆ ಮಾಮಾನ ಪಾಲಿಗೆ ವರ್ಷದ ಮಹಾಪರ್ವ. ಟ್ರ್ಯಾಕ್ಟರಿಗೆ ಅಭ್ಯಂಜನವಾಯಿತು. ನಟ್ಟು ಬಿಗಿಸುವ ಪಾನಾ, ಗ್ರೀಸ್ ಗನ್ನು, ಕುಡಗೋಲುಗಳೊಂದಿಗೆ ಟ್ರಾಲಿಯನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ದಪ್ಪ ಪಿನ್ನು, ಆ ಪಿನ್ನು ಮೇಲಕ್ಕೆ ಜಿಗಿಯದಂತೆ ಅದರ ತಳದ ತೂತಿಗೆ ಹಾಕುವ ಬೆರಳುದ್ದದ ಕ್ಲಿಪ್ಪು, ಇವೂ ತೊಳೆದು ಎಣ್ಣೆ ಸವರಿಸಿಕೊಂಡು ದೇವರ ಮುಂದೆ ಪವಡಿಸಿದವು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ದಶಮಿಯ ಮಧ್ಯಾಹ್ನ, ಕೆರೆಯ ಏರಿಯಾಚೆಗಿನ ಬನ್ನಿಮರಕ್ಕೆ ಹೊರಡುವ ಗಡಿಬಿಡಿಯಲ್ಲಿ, ಮಾಮಾ ಪಿನ್ನನ್ನು ಎತ್ತಿ ಸಿಕ್ಕಿಸಿದರು. ಕ್ಲಿಪ್ಪು ಚೆಂಡುಹೂವಿನಡಿ ದೇವರ ಪಾಲಾಗಿಯೇ ಉಳಿಯಿತು. ತಪಾಸಣಾ ವಿಭಾಗದ ನಾನು ಹೊಸ ಧೋತರಕ್ಕೆ ಗ್ರೀಸು ತಾಗದಷ್ಟು ದೂರದಲ್ಲಿ ನಿಂತು ಹೂವಿನ ಹಾರವನ್ನು ಪರೀಕ್ಷಿಸಿ, "ಎಲ್ಲಾ ಬರೋಬ್ಬರಿ ಐತಿ ಮಾಮಾ" ಎಂದೆ. ಟ್ರಾಲಿಯಲ್ಲಿ ಮನುಷ್ಯರನ್ನು ಕೂಡಿಸಬಾರದೆಂಬ ನಿಯಮ ಹಬ್ಬದ ದಿನ ಯಾರಿಗೂ ನೆನಪಿರುವುದಿಲ್ಲ. ವಿಜಯಾ ಮಗುವನ್ನು ಅವಚಿಕೊಂಡು ಕುಳಿತಳು, ಪಕ್ಕದಲ್ಲಿ ನಾನು, ಸುತ್ತ ಅಕ್ಕಪಕ್ಕದ ಮನೆಯ ಹೆಣ್ಣುಮಕ್ಕಳು. ಮರಳಿ ಬಂದವರಿಗೆ ಆರತಿ ಎತ್ತಬೇಕಾದ ಗೌರತ್ತಿ ಮನೆಯಲ್ಲೇ ಉಳಿದರು.

ನಾವು ಅಂಗಳ ದಾಟುವುದಕ್ಕೂ ಗೌರತ್ತಿ ಆರತಿ ತಟ್ಟೆಗೆಂದು ಹೂವು ಎತ್ತುವುದಕ್ಕೂ ಸರಿಹೋಯಿತು. ಹೂವಿನಡಿ ಕ್ಲಿಪ್ಪು! ಅದರ ಅರ್ಥ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಚಾ ಆರುವಷ್ಟು ಹೊತ್ತು ಮಾಮಾ ಬೀಗರಿಗೆ ಹೇಳುತ್ತಿದ್ದ ಪಾಠವನ್ನೆಲ್ಲ ಒಳಗಿನಿಂದ ಕೇಳಿಸಿಕೊಂಡವರು ಅವರೊಬ್ಬರೇ. ಏರಿಯ ಕಡಿದಾದ ಏರಿನಲ್ಲಿ ಒಂದು ಜಗ್ಗಿಗೆ ಪಿನ್ನು ಮೇಲೆದ್ದರೆ ಟ್ರ್ಯಾಕ್ಟರು ಮುಂದೆ, ಟ್ರಾಲಿ ಹಿಂದೆ ಉರುಳಿ ಕೆರೆಗೆ. ಕೂಗಬೇಕೆಂದು ಬಾಯಿ ತೆರೆದವರಿಗೆ ಬುತ್ತಿಡಬ್ಬಿ ನೆನಪಾಯಿತಂತೆ. ಹಿಂದಿನಿಂದ ಕೂಗಿದರೆ ಈ ಗಂಡಸು ನಿಲ್ಲುವವನಲ್ಲ, ಇನ್ನಷ್ಟು ಬಿರುಸಾಗಿ ಓಡಿಸುವವನು. ಬಾವಿಕಟ್ಟೆಯ ಮೇಲಿದ್ದ ತುಂಬಿದ ಕೊಡವನ್ನು ಟೊಂಕಕ್ಕೆ ಏರಿಸಿ, ಕ್ಲಿಪ್ಪನ್ನು ಮುಷ್ಟಿಯಲ್ಲಿ ಹಿಡಿದು, ಹಿತ್ತಿಲಿನಿಂದ ಜೋಳದ ಹೊಲದೊಳಗೆ ನುಗ್ಗಿ ಅಡ್ಡದಾರಿಯಲ್ಲಿ ಓಡಿದರು.

ಏರಿಯ ಬುಡದಲ್ಲಿ ಜೋಳದ ದಂಟು ಸರಿಸಿಕೊಂಡು ಮುತ್ತೈದೆಯೊಬ್ಬಳು ತುಂಬಿದ ಕೊಡದೊಂದಿಗೆ ಎದುರಾದಾಗ ಮಾಮಾನ ಮುಖ ಅರಳಿತು. ಬ್ರೇಕು ಒತ್ತಿ, ಟ್ರ್ಯಾಕ್ಟರು ನಿಲ್ಲಿಸಿ, ಕಣ್ಣು ಮುಚ್ಚಿ ಕೈಮುಗಿದರು. ಕಣ್ಣು ತೆರೆದಾಗ ಎದುರಿಗೆ ಸ್ವಂತ ಹೆಂಡತಿ, ಏದುಸಿರು ಬಿಡುತ್ತ, ಅರ್ಧ ತೊಯ್ದು.

"ಶಕುನ ಛಲೋ ಆತಲ್ರಿ?" ಎಂದರು ಗೌರತ್ತಿ. "ಈಗ ಕೆಳಗ ಇಳೀರಿ." ಮುಷ್ಟಿ ಬಿಚ್ಚಿದರು.

ಮಾಮಾ ಇಳಿದು ಹಿಂದೆ ಹೋಗಿ ಬಗ್ಗಿದರು. ಪಿನ್ನು ಆಗಲೇ ಅರ್ಧ ಮೇಲೆ ಎದ್ದಿತ್ತು. ನಾನು ಮಗಳನ್ನು ನೋಡಿದೆ. ಆಕೆ ಬಾಯಿಯಲ್ಲಿ ಹೂವಿನೆಸಳು ಹಾಕಿಕೊಂಡು ನಗುತ್ತಿದ್ದಳು. ಮಾಮಾ ಕ್ಲಿಪ್ಪು ಹಾಕಿ, ಅದನ್ನು ಜಗ್ಗಿ, ಎದ್ದು ನಿಂತು, ಮತ್ತೆ ಬಗ್ಗಿ ಇನ್ನೊಮ್ಮೆ ಜಗ್ಗಿದರು. ಆಮೇಲೆ ಜೀವಮಾನದಲ್ಲಿ ಮೊದಲ ಬಾರಿಗೆ ಹೆಂಡತಿಯ ಟೊಂಕದಿಂದ ಕೊಡ ಇಳಿಸಿಕೊಂಡರು. ನಮ್ಮನ್ನೆಲ್ಲ ಟ್ರಾಲಿಯಿಂದ ಇಳಿಸಿದರು. ಏರಿಯನ್ನು ನಾವು ನಡೆದೇ ಹತ್ತಿದೆವು, ಅತ್ತಿಯೂ ನಮ್ಮೊಡನೆ. ಬನ್ನಿಯೆಲೆಯನ್ನು ಬಂಗಾರವೆಂದು ಕಿರಿಯರು ಹಿರಿಯರಿಗೆ ಕೊಟ್ಟು ಕಾಲಿಗೆರಗುವುದು ನಮ್ಮ ಪದ್ಧತಿ. ಮಾಮಾ ಆ ದಿನ ಮೊದಲ ಎಲೆ ಕಿತ್ತು ಗೌರತ್ತಿಯ ಅಂಗೈಯಲ್ಲಿಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣು" ಎಂದರು. ಅತ್ತಿ ಮುಖ ತಿರುಗಿಸಿ ಸೆರಗು ಹಿಂಡಿಕೊಂಡರು.

ಅಂದಿನಿಂದ ಆ ಮನೆಯಲ್ಲಿ ಹೊಸ ಶಾಸ್ತ್ರವೊಂದು ಪ್ರಾರಂಭವಾಯಿತು. ಟ್ರ್ಯಾಕ್ಟರು ರಸ್ತೆಗೆ ಇಳಿಯುವ ಮುನ್ನ ಗೌರತ್ತಿ ತುಂಬಿದ ಕೊಡ ಹಿಡಿದು ಎದುರು ನಿಲ್ಲಬೇಕು. ಮಾಮಾ ಆಯಿಲ್ ಕಡ್ಡಿಯಿಂದ ಹಿಡಿದು ಬ್ರೇಕಿನ ಕೊಂಡಿ, ಪಿನ್ನಿನ ಕ್ಲಿಪ್ಪಿನವರೆಗೆ ಒಂದೊಂದನ್ನೂ ಮುಟ್ಟಿ ತೋರಿಸಬೇಕು. ಆಕೆ ತಲೆಯಾಡಿಸಿದ ಮೇಲೆಯೇ ಪ್ರಯಾಣ. ಪಕ್ಕದ ಹೊಲದ ಮಲ್ಲಯ್ಯ ಇದು ಕನ್ನಡದವರ ಯಾವುದೋ ಶಕ್ತಿಶಾಲಿ ಪೂಜೆಯೆಂದು ನಂಬಿ ತನ್ನ ಹೆಂಡತಿಯ ಕೈಗೂ ಬಿಂದಿಗೆ ಕೊಟ್ಟು ನಿಲ್ಲಿಸಿದ. ಅವನ ಟ್ರ್ಯಾಕ್ಟರಿನ ಕ್ಲಿಪ್ಪೂ ಅಂದಿನಿಂದ ಸ್ವಸ್ಥಾನ ಬಿಡಲಿಲ್ಲ. ನಮ್ಮ ಕಾರ್ಖಾನೆಯ ಗೋಡೆಗಳ ಮೇಲೆ ಮೂರು ಭಾಷೆಗಳಲ್ಲಿ ಬರೆದ ಸುರಕ್ಷತಾ ಸೂತ್ರಗಳನ್ನು ಹಲ್ಲಿಗಳು ಬಿಟ್ಟರೆ ಯಾರೂ ಓದುತ್ತಿರಲಿಲ್ಲ. ಇಲ್ಲಿ ಒಂದು ಕೊಡ ನೀರು ಎರಡು ಮನೆಗಳನ್ನು ಕಾಯಿತು. ತಪ್ಪನ್ನು ಹಿಂದಿನಿಂದ ಕೂಗಿ ಹೇಳುವುದು ಸುಲಭ, ನಾನು ಸಂಬಳಕ್ಕೆ ಮಾಡಿದ್ದೂ ಅದನ್ನೇ. ಸುತ್ತು ಹಾಕಿ ಓಡಿ ಬಂದು, ಎದುರಿನಲ್ಲಿ ಮಂಗಳವಾಗಿ ನಿಂತು ಹೇಳುವುದಕ್ಕೆ ಬಹಳ ಪ್ರೀತಿ ಬೇಕು.

ಹೋದ ವಾರ ಊರಿನ ಇನ್ನೊಂದು ತುದಿಯ ಗಚ್ಚಿಬೌಲಿಯಲ್ಲಿರುವ ಅದೇ ಮಗಳ ಮನೆಗೆ ಹೊರಟೆವು. ವಿಜಯಾ ಎದುರುಮನೆಯವರೊಂದಿಗೆ ಮಾತಿಗೆ ನಿಂತಳು. ನಾನು ಬೀಗ ಹಾಕಿದೆ, ಜಗ್ಗಿದೆ, ಇಳಿದೆ, ಹತ್ತಿದೆ, ಜಗ್ಗಿದೆ. ಏನೋ ಕಿಣಿಕಿಣಿ ಎಂದಿತು. ಯಾರದೋ ಬಳೆ ಇರಬೇಕೆಂದುಕೊಂಡು ತೃಪ್ತಿಯಿಂದ ಮೆಟ್ಟಿಲಿಳಿದೆ. ಕೆಳಗೆ ಬಂದರೆ, ಲಿಫ್ಟಿನಲ್ಲಿ ನನಗಿಂತ ಮೊದಲೇ ಇಳಿದ ವಿಜಯಾ ಗೇಟಿನಲ್ಲಿ ಎದುರಾಗಿ ನಿಂತಿದ್ದಾಳೆ. ಒಂದು ಕೈಯಲ್ಲಿ ತುಂಬಿದ ನೀರಿನ ಬಾಟಲಿ, ಇನ್ನೊಂದು ಕೈ ಮುಷ್ಟಿ.

"ಶಕುನ ಛಲೋ ಆತಲ್ರಿ?" ಎಂದು ಮುಷ್ಟಿ ಬಿಚ್ಚಿದಳು. ನಾನು ಅಷ್ಟೊಂದು ಶ್ರದ್ಧೆಯಿಂದ ಜಗ್ಗಿದ ಬೀಗದಲ್ಲೇ ಬಿಟ್ಟು ಬಂದಿದ್ದ ಕೀಲಿಕೈ ಅವಳ ಅಂಗೈಯಲ್ಲಿತ್ತು. ಬಸ್‌ಸ್ಟಾಪಿನವರೆಗೂ ಇಬ್ಬರೂ ನಗುತ್ತಲೇ ನಡೆದೆವು, ಮತ್ತು ನಾನು ಬೀಗ ನೋಡಲು ಮರಳಿ ಹೋಗಲಿಲ್ಲ.