ಕಚ್ಚಿ ನೋಡಿದ ರೀಲು

ಬನಹಟ್ಟಿಯಲ್ಲಿ ನಮ್ಮ ನೆರೆಮನೆಯ ಯಜಮಾನರು ಪವರ್‌ಲೂಮ್ ನೇಕಾರರು. ಯಾವ ಯಂತ್ರ ಕೆಟ್ಟರೂ "ಮೊದ್ಲ ಸದ್ದ ಕೇಳ್ರಿ" ಎನ್ನುತ್ತಿದ್ದರು. ಅವರ ಬೆರಳು ಸುಮ್ಮನಿದ್ದದ್ದು ನನಗೆ ನೆನಪಿಲ್ಲ. ನನ್ನ ನೆನಪನ್ನು ಎಷ್ಟು ನಂಬಬೇಕೋ.

ಹೊಳೆಯ ಉಸುಕಿಗೆ ಬಿದ್ದು ಕೆಟ್ಟಿದ್ದ ಮೀನುಗಾಳದ ದಾರ ಸುತ್ತುವ ರೀಲನ್ನು ಒಂದು ಸಂಜೆ ಕಟ್ಟೆಯ ಮೇಲೆ ಬಿಚ್ಚಿದರು. ತೊಳೆದು, ಮಗ್ಗದ ಎಣ್ಣೆ ಬಿಟ್ಟು, ಜೋಡಿಸಿ, ಹಿಡಿಕೆ ತಿರುವಿ, "ಆತು ನೋಡ್ರಿ, ಸದ್ದ ಹೋತು" ಎಂದರು.

"ಎಲ್ಲಿ ಹೋತು? ಕರಕರ ಅನ್ನಾಕತ್ತೈತಿ!" ಎಂದು ಒಳಗಿನಿಂದ ಹೆಂಡತಿ ಕೂಗಿದರು. "ಮಗ್ಗ ನಿಮ್ಮ ಕಿವಿ ತಿಂದೈತಿ. ಡಾಕ್ಟರಿಗೆ ತೋರಸ್ರಿ ಅಂದ್ರ ನನಗ ಬೈತೀರಿ."

"ಖರೇನ್ರಿ?" ಎಂದು ನನ್ನ ಮುಖ ನೋಡಿದರು. ನಾನು ಹೌದೆಂದೆನೋ, ಬರೀ ತಲೆಯಾಡಿಸಿದೆನೋ.

ಅವರು ರೀಲಿನ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದು ಮತ್ತೆ ತಿರುವಿದರು. ಕಿವಿಗೆ ಕೇಳದ ಕರಕರ ನಡುಕವಾಗಿ ಹಲ್ಲಿಗೆ ತಾಕಿರಬೇಕು. ರೀಲನ್ನು ಕಟ್ಟೆಯ ಮೇಲಿಟ್ಟು, ಒಳಗೆ ಹೆಂಡತಿಗೆ ಕೇಳುವಂತೆ ಹೇಳಿದರು: "ನಾಳೆ ದವಾಖಾನಿಗಿ ಹೋಗೂಣು. ನೀನೂ ಬಾ."