ಮಹಡಿಯವರ ಹೆಜ್ಜೆ

ಬಲಗಾಲು ಧಪ್ಪೆಂದು ಬೀಳುತ್ತಿತ್ತು, ಎಡಗಾಲು ಸರ್ರೆಂದು ಎಳೆಯುತ್ತಿತ್ತು. ಬೆಳಿಗ್ಗೆ ಆರಕ್ಕೆ ಹಾಲು ಕಾಯಿಸುವಾಗ ತಲೆಯ ಮೇಲೆ ಈ ಸದ್ದು ಕೇಳಿದರೆ ನಮ್ಮ ಮಹಡಿಯ ಬಾಡಿಗೆಯವರು ಎದ್ದರು ಎಂದರ್ಥ. ಕಾಫಿಯ ಫ್ಲಾಸ್ಕನ್ನು ಅವರ ಬಾಗಿಲ ಮುಂದಿನ ಮೆಟ್ಟಿಲ ಮೇಲಿಟ್ಟು ಬರುತ್ತಿದ್ದೆ. ಎಂಟಕ್ಕೆ ಹೋದರೆ ತೊಳೆದು, ಮುಚ್ಚಳ ಬೋರಲು ಹಾಕಿ ಅಲ್ಲೇ ಇಟ್ಟಿರುತ್ತಿದ್ದರು.

ಆ ದಿನವೂ ಆರಕ್ಕೆ ಹೆಜ್ಜೆ ಕೇಳಿತು. ಫ್ಲಾಸ್ಕ್ ಇಟ್ಟು ಬಂದೆ.

ಅವರು ವಿಡಿಯೋ ಗೇಮ್ ಬರೆಯುವವರು. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ ಹುಟ್ಟಿ, ಹತ್ತಾರು ಕಂಪನಿ ಸುತ್ತಿ, ಐವತ್ತರ ಹೊತ್ತಿಗೆ ಚಳ್ಳಕೆರೆಯ ನಮ್ಮ ಮಹಡಿಯಿಂದಲೇ ಕೆಲಸ ಮಾಡುತ್ತಿದ್ದರು. "ಎಳೆ ತುಂಡಾದ್ರೆ ಅಪ್ಪ ಬೈಯೋರು. ಈಗ ಕೋಡಿನ ಸಾಲು ತಪ್ಪಿದ್ರೆ ಕಂಪನಿಯೋರು ಬೈತಾರೆ. ಬೈಸ್ಕಳದು ತಪ್ಲಿಲ್ಲ" ಎನ್ನುತ್ತಿದ್ದರು. ಭಾನುವಾರ ಬಸ್ಸು ಹತ್ತಿ ಹೋಗಿ ಅಣ್ಣನ ಮಗ್ಗದ ಪಕ್ಕ ಕೂತು ಬರುವರು. ಕುಂಟುತ್ತಲೇ ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿ, ಗಾಳಿಯ ಸದ್ದನ್ನು ಆಟಕ್ಕೆಂದು ಹಿಡಿದು ತರುವರು. ನಮ್ಮ ಅಡುಗೆಮನೆಯ ಬಾಗಿಲಿನ ಕಿರ್ರೆನ್ನುವ ಸದ್ದನ್ನೂ ಬಿಡಲಿಲ್ಲ. "ಎಣ್ಣೆ ಹಾಕಬೇಡ್ರಿ ಅಕ್ಕಾ, ಅದು ಈಗ ದೆವ್ವದ ಮನೆ ಬಾಗಿಲು."

ಅವರ ಆಟದ ನಾಯಕ ಪಾಳುಬಂಗಲೆಯ ಮುದಿ ಕಾವಲುಗಾರ. ಅವನಿಗೆ ತಮ್ಮದೇ ಹೆಜ್ಜೆಯ ಸದ್ದು ಕೊಟ್ಟಿದ್ದರು. ಒಮ್ಮೆ ಹೆಡ್‌ಫೋನ್ ಹಾಕಿ ನನಗೆ ಕೇಳಿಸಿದಾಗ ಮೈ ಜುಮ್ಮೆಂದಿತು. "ರಾತ್ರಿಯೆಲ್ಲ ಇವನನ್ನ ನಡೆಯಾಕೆ ಬಿಟ್ಟಿರ್ತೀನಿ, ಎಲ್ಲಿ ಗೋಡೆಗೆ ಸಿಕ್ಕಿಹಾಕ್ಕೊಂತಾನೆ ನೋಡಾಕೆ. ಭಯ ಕಣ್ಣಾಗಿಲ್ಲ ಅಕ್ಕಾ, ಕಿವಿಯಾಗೈತೆ. ಹೆಜ್ಜೆ ಎಣಿಸ್ರಿ, ಮನೆ ಎಷ್ಟು ದೊಡ್ಡದು ಅಂತ ಗೊತ್ತಾಗ್ತೈತೆ." ಅಂದಿನಿಂದ ಎಣಿಸುವುದು ನನಗೆ ಅಭ್ಯಾಸವೇ ಆಗಿಬಿಟ್ಟಿತ್ತು.

ಎಂಟಕ್ಕೆ ಫ್ಲಾಸ್ಕ್ ಮುಟ್ಟದೆ ಹಾಗೇ ಇತ್ತು. ಒಳಗೆ ಹೆಜ್ಜೆ ನಡೆದೇ ಇತ್ತು. ಕೆಲಸದಲ್ಲಿರುವವರ ಬಾಗಿಲು ಬಡಿಯಬಾರದೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು ಇನ್ನೂ ಮೈಗಂಟಿದೆ. ಇಳಿದು ಬಂದೆ.

ಹತ್ತಕ್ಕೆ ಬೇಳೆ ಆರಿಸುತ್ತ ಕೂತಾಗ ತಾನಾಗಿ ಎಣಿಕೆ ಶುರುವಾಯಿತು. ಹನ್ನೆರಡು ಹೆಜ್ಜೆ, ಒಂದು ತಿರುವು, ಮತ್ತೆ ಹನ್ನೆರಡು. ಅವರ ಕೋಣೆ ಏಳು ಹೆಜ್ಜೆಯಷ್ಟೂ ಇಲ್ಲ.

ಮೊರ ಬಿಟ್ಟು ಮಹಡಿಗೆ ಓಡಿದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಅವರು ಕುರ್ಚಿಯ ಪಕ್ಕ ಬಿದ್ದಿದ್ದರು. ಹೆಡ್‌ಫೋನಿನ ವೈರು ಕಂಪ್ಯೂಟರಿನಿಂದ ಕಿತ್ತುಬಂದು ಬೆರಳಿಗೆ ಸುತ್ತಿಕೊಂಡಿತ್ತು. ಸದ್ದು ಸ್ಪೀಕರಿನಿಂದ ಬರುತ್ತಿತ್ತು. ತೆರೆಯ ಮೇಲೆ ಮುದುಕ ಗೋಡೆಯವರೆಗೆ ನಡೆದು ತಿರುಗುತ್ತಿದ್ದ. ಇವರಿಗೆ ಇನ್ನೂ ಉಸಿರಿತ್ತು. ನನ್ನ ಸೆರಗು ಹಿಡಿದುಕೊಂಡರು, ಮಾತು ಬರಲಿಲ್ಲ. ನಮ್ಮ ಯಜಮಾನರು ಆಟೋ ತಂದರು. ಬಾಗಿಲನ್ನು ಹಾಗೇ ಎಳೆದುಕೊಂಡು ಹೊರಟೆವು.

"ಬಿದ್ದು ಎಷ್ಟೊತ್ತಾತ್ರಿ?" ಡಾಕ್ಟರು ಕೇಳಿದರು.

"ಆರಕ್ಕೆ ಓಡಾಡ್ತಿದ್ರು" ಎಂದೆ. ಅಂದಮೇಲೆ, ಆರಕ್ಕೆ ಕೇಳಿದ್ದು ಯಾರ ಹೆಜ್ಜೆಯೋ ಎಂದು ಹೊಳೆಯಿತು.

ಮಧ್ಯಾಹ್ನ ಮೂರಕ್ಕೆ ಹೋಗಿಬಿಟ್ಟರು. ಅವರ ಅಣ್ಣ ಬಂದು ದೇಹವನ್ನು ಆಸ್ಪತ್ರೆಯಿಂದಲೇ ಮೊಳಕಾಲ್ಮೂರಿಗೆ ಒಯ್ದರು.

ಸಂಜೆ ಮನೆಗೆ ಬಂದರೂ ಒಳಗೆ ಹೋಗಲು ಧೈರ್ಯವಾಗದೆ ಗೇಟಿನ ಬಳಿ ನಿಂತಿದ್ದೆ. ಬಿ.ಜಿ. ಕೆರೆಯ ತವರಿನಿಂದ ಮಧ್ಯಾಹ್ನವಷ್ಟೇ ಬಂದಿದ್ದ ಪಕ್ಕದ ಮನೆಯಾಕೆಗೆ ಏನೂ ಗೊತ್ತಿರಲಿಲ್ಲ. ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತ ನಮ್ಮ ಮಹಡಿಯತ್ತ ನೋಡಿ ಅಂದಳು:

"ನಿಮ್ಮ ಮಹಡಿಯವ್ರಿಗೆ ಇವತ್ತು ಅದೇನ್ ಕೆಲಸಾನೋ ಕಣ್ರಿ. ಬಂದಾಗಿಂದ ಕೇಳ್ತಿದೀನಿ, ಒಂದ್ ಗಳಿಗೆ ಕುಂತಿಲ್ಲ ಪುಣ್ಯಾತ್ಮ."